ಘಾಟನ್ನು ಅರಸುವ ಬೆಟ್ಟಗಳು

ಕ್ಯಾಲಿಫೋರ್ನಿಯ ಪ್ರಾಂತದ ಉತ್ತರ ಭಾಗದಲ್ಲಿ ಒಂದು ಪುಟ್ಟ ರೈಲುಮಾರ್ಗವುಂಟು. ಪೆಸಿಫಿಕ್ ಸಾಗರದ ದಂಡೆಯ ಮೇಲಿನ ಫೋರ್ಟ್ ಬ್ರಾಗ್ ಎಂಬ ಊರನ್ನು ಬೆಟ್ಟಗಳಾಚೆಯ ವಿಲಿಟ್ಸ್ ಎಂಬ ಊರಿಗೆ ಜೋಡಿಸಲು ನಾಯೋ ನದಿಯ ಗುಂಟ ಹಾಕಿದ 40 ಮೈಲಿಯ ದಾರಿ ಅದು. 1885ರಲ್ಲಿ ಮರದ ದಿಮ್ಮಿಗಳನ್ನು ಸಾಗಿಸುವುದಕ್ಕಾಗಿ ಹುಟ್ಟಿದ ಈ ಮಾರ್ಗದ ಮೇಲೆ 1925ರಲ್ಲಿ ಪೆಟ್ರೋಲಿನಿಂದ ಓಡುವ ಒಂಟಿ ಬಂಡಿಗಳನ್ನು ಇಳಿಸಿದರು. ಎಂಜಿನ್ನಿನ ಹೊಗೆಯೂ, ಪ್ರಯಾಣಿಕರ ಚಳಿ ನೀಗಲೆಂದು ಒಳಗೆ ಉರಿಸುತ್ತಿದ್ದ ಎಣ್ಣೆಯ ಒಲೆಯ ಕಮಟೂ ಸೇರಿ, ಬಂಡಿಯು ಕಣ್ಣಿಗೆ ಬೀಳುವ ಮೊದಲೇ ಅದರ ಬರವು ಮೂಗಿಗೆ ತಿಳಿದುಬಿಡುತ್ತಿತ್ತಂತೆ. ಜನರು ಅದಕ್ಕೆ ‘ಸ್ಕಂಕ್’ ಎಂದು ಹೆಸರಿಟ್ಟರು. ಸುರಂಗವೊಂದು ಕುಸಿದುದರಿಂದ ಬಂಡಿಯು ಈಗ ಇಡೀ ದಾರಿಯನ್ನು ಕ್ರಮಿಸದೆ, ಎರಡು ತುದಿಗಳಿಂದಲೂ ಸ್ವಲ್ಪ ದೂರ ಹೋಗಿ ಪ್ರವಾಸಿಗಳನ್ನು ಮರಳಿ ತಂದುಬಿಡುತ್ತದೆ. ಹೆಸರು ಮಾತ್ರ ಹಾಗೆಯೇ ನಿಂತಿದೆ; ಬೈಗುಳವಾಗಿ ಹುಟ್ಟಿದ್ದು ಇಂದು ಟಿಕೆಟ್ಟಿನ ಮೇಲೆ ಹೆಮ್ಮೆಯಿಂದ ಅಚ್ಚಾಗುತ್ತದೆ.

ಸ್ಕಂಕ್ ಎಂಬುದು ಭಾರತದಲ್ಲಿಲ್ಲದ ಪ್ರಾಣಿ. ಬೆಕ್ಕಿನ ಗಾತ್ರದ ಮೈ, ಕಾಡಿಗೆಗಪ್ಪಿನ ತುಪ್ಪಳ, ಬೆನ್ನಿನುದ್ದಕ್ಕೂ ವಿಭೂತಿ ಬಳಿದಂತಹ ಬಿಳಿಯ ಪಟ್ಟೆ. ಶತ್ರುವು ಮೇಲೆರಗಿದರೆ ಬಾಲವನ್ನೆತ್ತಿ ಒಂದು ಬಗೆಯ ದ್ರವವನ್ನು ಚಿಮ್ಮಿಸುತ್ತದೆ. ಅದು ತಗುಲಿದ ನಾಯಿಯನ್ನು ಮನೆಯವರು ಕೆಲವು ದಿನ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಪುನುಗುಬೆಕ್ಕಿನ ಪರಿಮಳವನ್ನು ದೇವರ ಮೂರ್ತಿಗೆ ಲೇಪಿಸುವ ನಾಡಿನವರಿಗೆ, ಪ್ರಾಣಿಯ ಮೈವಾಸನೆಗೆ ಬೆಲೆ ಬರುವುದು ಸೋಜಿಗದ ಮಾತಲ್ಲ. ಆದರೆ ಸ್ಕಂಕಿನದು ಗಂಧವೂ ಅಲ್ಲ, ಕಸ್ತೂರಿಯೂ ಅಲ್ಲ. ಸುಟ್ಟ ರಬ್ಬರು, ಕೊಳೆತ ಬೆಳ್ಳುಳ್ಳಿ, ಹಳಸಿದ ಸಾಸಿವೆ ಇವುಗಳನ್ನು ಒಟ್ಟಿಗೆ ಅರೆದರೆ ಅದರ ಸಮೀಪಕ್ಕೆ ಹೋಗಬಹುದೇನೋ.

ಇಂತಹ ನಾತವನ್ನು ಮರಳಿ ಪಡೆಯಬೇಕೆಂದು ವರ್ಷಗಳನ್ನೇ ವ್ಯಯಿಸುತ್ತಿರುವ ಮನುಷ್ಯರು ಇದೇ ಬೆಟ್ಟಗಳಲ್ಲಿದ್ದಾರೆ. ಅವರು ಅದನ್ನು ಅರಸುತ್ತಿರುವುದು ಪ್ರಾಣಿಯಲ್ಲಲ್ಲ, ಗಿಡದಲ್ಲಿ. ಕನ್ನಡದ ಹಳ್ಳಿಗಳಲ್ಲಿ ಭಂಗಿಯೆಂದೂ, ಎಲ್ಲೆಡೆ ಗಾಂಜಾ ಎಂದೂ ಹೆಸರಾದ ಗಿಡದಲ್ಲಿ.

ಮೆಂಡೊಸೀನೊ, ಹಂಬೋಲ್ಟ್, ಟ್ರಿನಿಟಿ ಎಂಬ ಮೂರು ಜಿಲ್ಲೆಗಳನ್ನು ಒಟ್ಟುಗೂಡಿಸಿ ‘ಪಚ್ಚೆಯ ತ್ರಿಕೋನ’ ಎಂದು ಕರೆಯುವ ರೂಢಿ ಬಂದಿದೆ. ಪಚ್ಚೆಯೆನ್ನುವುದಕ್ಕೆ ಎರಡು ಅರ್ಥ. ಮೊದಲನೆಯದು ಕಾಡು. ಸಮುದ್ರದಿಂದೇರಿ ಬರುವ ಮಂಜನ್ನು ಕುಡಿದು ಬೆಳೆಯುವ ರೆಡ್‌ವುಡ್ ವೃಕ್ಷಗಳು ಜಗತ್ತಿನಲ್ಲೇ ಅತ್ಯಂತ ಎತ್ತರವಾದವು. ಹಂಬೋಲ್ಟ್ ಜಿಲ್ಲೆಯ ಒಂದು ಮರವು 380 ಅಡಿಗಳನ್ನು ಮುಟ್ಟಿದೆ. ಅವುಗಳ ಬುಡದಲ್ಲಿ ನಿಂತವನಿಗೆ ನಡುಹಗಲೂ ಸಂಜೆಯಂತೆಯೇ ತೋರುತ್ತದೆ. ಆದರೆ ಸಮುದ್ರವನ್ನು ಬಿಟ್ಟು ಈಲ್ ನದಿಯ ಕಣಿವೆಗಳತ್ತ ಸರಿದಂತೆ ಮಂಜು ಹಿಂದುಳಿದು, ಬೇಸಗೆಯಲ್ಲಿ ಹುಲ್ಲೆಲ್ಲ ಒಣಗಿ ಹೊಂಬಣ್ಣ ತಾಳುವ ಗುಡ್ಡಗಳು ಎದುರಾಗುತ್ತವೆ. ಪಚ್ಚೆಯ ಎರಡನೆಯ ಅರ್ಥವು ಅಡಗಿರುವುದು ಈ ಗುಡ್ಡಗಳ ಮಡಿಲಿನಲ್ಲಿ.

1960ರ ದಶಕದ ಕೊನೆಯಲ್ಲಿ ಪಟ್ಟಣದ ಬಾಳಿಗೆ ಬೇಸತ್ತ ತರುಣ ತರುಣಿಯರು ಇಲ್ಲಿಗೆ ಗುಂಪುಗುಂಪಾಗಿ ಬಂದರು. ಮರ ಕಡಿದು ಮುಗಿಸಿದ ಜಮೀನು ಅಗ್ಗವಾಗಿ ಸಿಗುತ್ತಿತ್ತು. ತರಕಾರಿ ಹಾಕಿದರು, ಮೇಕೆ ಕಟ್ಟಿದರು. ಟೊಮೇಟೊ ಮಡಿಯ ಪಕ್ಕದಲ್ಲಿ ನಾಲ್ಕು ಗಾಂಜಾ ಗಿಡಗಳನ್ನೂ ಎಬ್ಬಿಸಿದರು. ಮೆಕ್ಸಿಕೋ, ಕೊಲಂಬಿಯಗಳ ಬೀಜವು ಎತ್ತರಕ್ಕೆ ಬೆಳೆಯುತ್ತಿತ್ತೇ ಹೊರತು, ಶರತ್ಕಾಲದ ಮಳೆ ಹಿಡಿಯುವುದರೊಳಗೆ ಅದರ ಹೂವು ಬಲಿಯುತ್ತಿರಲಿಲ್ಲ. ಯೂರೋಪಿನಿಂದ ಭೂಮಾರ್ಗವಾಗಿ ಅಫಘಾನಿಸ್ತಾನ, ಭಾರತಗಳವರೆಗೆ ಅಲೆದಾಡುತ್ತಿದ್ದ ಯಾತ್ರಿಕರು 1970ರ ದಶಕದಲ್ಲಿ ಹಿಂದೂಕುಶ್ ಪರ್ವತದ ಬೀಜವನ್ನು ತಂದರು. ಅದು ಗಿಡ್ಡ ಗಿಡ. ಅಗಲವಾದ ಎಲೆ, ಬೇಗ ಬಲಿಯುವ ಹೂವು, ಮೂಗನ್ನು ಇರಿಯುವ ವಾಸನೆ. ಈ ಎರಡು ಕುಲಗಳ ಸಂಬಂಧದಿಂದ ಹುಟ್ಟಿದ ತಳಿಗಳಲ್ಲಿ ಪ್ರಸಿದ್ಧವಾದುದೇ ‘ಸ್ಕಂಕ್ ನಂಬರ್ ಒನ್’. ಅಫಘಾನಿಸ್ತಾನ, ಮೆಕ್ಸಿಕೋ, ಕೊಲಂಬಿಯ ಈ ಮೂರು ಕಡೆಯ ರಕ್ತ ಅದರಲ್ಲಿದೆಯೆಂದು ಸಾಮಾನ್ಯವಾಗಿ ಹೇಳುತ್ತಾರೆ.

ಇಂಗು ಕೂಡ ಬರುವುದು ಅಫಘಾನಿಸ್ತಾನದ ಕಡೆಯಿಂದಲೇ ಎಂಬುದನ್ನು ಇಲ್ಲಿ ನೆನೆಯಬಹುದು. ಡಬ್ಬಿಯ ಮುಚ್ಚಳ ತೆರೆದರೆ ಮುಖ ಕಿವುಚುವಂತಹ ಆ ಪದಾರ್ಥವಿಲ್ಲದೆ ಸಾರಿಗೆ ಒಗ್ಗರಣೆಯಿಲ್ಲ. ಇಂಗು ತೆಂಗು ಇದ್ದರೆ ಮಂಗನೂ ಅಡಿಗೆ ಮಾಡೀತೆಂದು ಗಾದೆ ಕಟ್ಟಿದ ಜನಕ್ಕೆ, ದುರ್ಗಂಧವು ಯಾವ ಗಳಿಗೆಯಲ್ಲಿ ಘಮಲಾಗಿ ತಿರುಗುತ್ತದೆಂಬುದನ್ನು ಪರದೇಶದವರು ಹೇಳಿಕೊಡಬೇಕಾಗಿಲ್ಲ. ಅವರೆಕಾಯಿಯ ಕಾಲದಲ್ಲಿ ಅದನ್ನು ‘ಸೊಗಡು’ ಎನ್ನುತ್ತಾರೆ. ವರ್ಷವಿಡೀ ಬಿಡುವ ಹೊಸ ತಳಿಯ ಅವರೆಯಲ್ಲಿ ಅದಿಲ್ಲವೆಂದು ಮುದುಕಿಯರು ಗೊಣಗುತ್ತಾರೆ. ಹಂಬೋಲ್ಟಿನ ಮುದುಕರ ಗೊಣಗಾಟವೂ ಅದೇ. ತಾರುಣ್ಯದಲ್ಲಿ ಕಂಡ ಆ ಸೊಗಡು ಈಗಿನ ಗಿಡದಲ್ಲಿಲ್ಲ. ಹಳೆಯ ಘಾಟಿಗೆ ಅವರು ಇಟ್ಟುಕೊಂಡಿರುವ ಹೆಸರು, ರಸ್ತೆಯಲ್ಲಿ ಮೋಟಾರಿಗೆ ಸಿಕ್ಕಿ ಸತ್ತ ಸ್ಕಂಕ್ ಎಂದು!

ಅದು ಹೋದದ್ದು ಹೇಗೆ? ವಾಸನೆಗೆ ಬಾಯಿಯಿಲ್ಲದಿದ್ದರೂ ಅದು ಚಾಡಿ ಹೇಳಬಲ್ಲದು. 1983ರಲ್ಲಿ ಸರ್ಕಾರವು ಗಾಂಜಾ ತೋಟಗಳ ಮೇಲೆ ದೊಡ್ಡ ಕಾರ್ಯಾಚರಣೆಯನ್ನು ಆರಂಭಿಸಿತು. ಸುಗ್ಗಿಯ ತಿಂಗಳುಗಳಲ್ಲಿ ಹೆಲಿಕಾಪ್ಟರುಗಳು ಕಣಿವೆಗಳ ಮೇಲೆ ಹದ್ದುಗಳಂತೆ ಸುತ್ತತೊಡಗಿದವು. 1990ರಲ್ಲಿ ಹಂಬೋಲ್ಟಿನ ಕರಾವಳಿಯ ಬೆಟ್ಟಗಳಿಗೆ ಸೈನಿಕರೇ ಬಂದಿಳಿದರು. ಬೆಳೆಗಾರರು ಗಿಡಗಳನ್ನು ಮರಗಳ ನೆರಳಿಗೂ, ಮನೆಯೊಳಗಿನ ವಿದ್ಯುದ್ದೀಪಗಳ ಕೆಳಗೂ ಸರಿಸಿದರು. ಕಣ್ಣಿಗೆ ಮರೆಮಾಡುವುದು ಸುಲಭ, ಮೂಗಿಗೆ ಕಷ್ಟ. ಅಂಚೆಯವನಿಗೂ ನೆರೆಯವನಿಗೂ ಗುಟ್ಟು ಬಿಟ್ಟುಕೊಡುವ ಗಿಡವನ್ನು ಯಾರು ತಾನೇ ಮುಂದಿನ ವರ್ಷಕ್ಕೆ ಬೀಜಕ್ಕೆಂದು ಉಳಿಸಿಯಾರು? ಘಾಟಿನ ಗಿಡವನ್ನು ಕಿತ್ತು, ಸಾಧುವಾದ ಗಿಡವನ್ನು ಉಳಿಸಿಕೊಂಡರು. ಇದು ಹಳಬರು ಹೇಳುವ ಕಥೆ. ನಂಬಲು ತಕ್ಕದ್ದಾಗಿಯೇ ಇದೆ.

ಇದೇ ಸಮಯದಲ್ಲಿ ಬೀಜವು ದೇಶಾಂತರ ಹೊರಟಿತು. ಸ್ಕಂಕ್ ತಳಿಯೊಡನೆ ಹೆಸರು ಬೆಸೆದುಕೊಂಡಿರುವ ಡೇವಿಡ್ ವಾಟ್ಸನ್ ಎಂಬವನು 1980ರ ದಶಕದಲ್ಲಿ ಹಾಲೆಂಡಿಗೆ ಹೋದನು. 1976ರ ಕಾನೂನು ತಿದ್ದುಪಡಿಯ ನಂತರ ಆ ದೇಶವು ಅಲ್ಪ ಪ್ರಮಾಣದ ಗಾಂಜಾವನ್ನು ಕಂಡೂ ಕಾಣದಂತೆ ಬಿಟ್ಟಿತ್ತು. ಆಮ್‌ಸ್ಟರ್‌ಡಾಮಿನ ಬೀಜದ ವ್ಯಾಪಾರಿಗಳು ಅಂಚೆಯಲ್ಲಿ ಜಗತ್ತಿಗೆಲ್ಲ ‘ಸ್ಕಂಕ್’ ಹಂಚಿದರು. ಆದರೆ ಅಲ್ಲಿ ಆರಿಸಿ ಆರಿಸಿ ಉಳಿಸಿಕೊಂಡದ್ದು ಅದರ ಸಿಹಿಯಾದ ಸಂತತಿಯನ್ನು ಎಂಬುದು ಕ್ಯಾಲಿಫೋರ್ನಿಯದವರ ದೂರು. ಇಂಗ್ಲೆಂಡಿನಲ್ಲಂತೂ ಕಟುವಾದ ಯಾವ ಗಾಂಜಾವಾದರೂ ಸ್ಕಂಕ್ ಎನಿಸಿತು. ಹೆಸರು ಮೂರು ಲೋಕ ಸುತ್ತಿತು, ವಾಸನೆ ದಾರಿಯಲ್ಲೆಲ್ಲೋ ಉದುರಿಹೋಯಿತು. ಆಮೇಲೆ ಬಂದ ಪೀಳಿಗೆಯ ರುಚಿಯೇ ಬೇರೆ. ಈಗಿನ ಅಂಗಡಿಯ ಹೆಸರುಪಟ್ಟಿಯನ್ನು ಓದಿದರೆ ಬೇಕರಿಗೆ ಬಂದಂತಾಗುತ್ತದೆ: ಬಿಸ್ಕತ್ತು, ಕೇಕು, ಐಸ್‌ಕ್ರೀಮು!

ಕ್ಯಾಲಿಫೋರ್ನಿಯದ ಮತದಾರರು 1996ರಲ್ಲಿ ಔಷಧಕ್ಕಾಗಿಯೂ, 2016ರಲ್ಲಿ ವಯಸ್ಕರ ಬಳಕೆಗಾಗಿಯೂ ಗಾಂಜಾವನ್ನು ಒಪ್ಪಿದರು. 2018ರಲ್ಲಿ ಅಂಗಡಿಗಳು ತೆರೆದವು. (ಭಾರತದಲ್ಲಿ 1985ರ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಇದನ್ನು ಬೆಳೆಯುವುದು ಅಪರಾಧ.) ಅಡಗಬೇಕಾದ ಕಾಲ ಮುಗಿದ ಮೇಲೆ ಅಡಗಿಸಿದ್ದ ವಾಸನೆಯ ನೆನಪು ಬಂತು. ಬೆಟ್ಟದ ಮನೆಗಳಲ್ಲಿ ಗಾಜಿನ ಭರಣಿಗಳೂ ತಗಡಿನ ಡಬ್ಬಿಗಳೂ ಹೊರಬಂದವು. ಮೂವತ್ತು ನಲವತ್ತು ವರ್ಷಗಳ ಹಿಂದೆ ಕಟ್ಟಿಟ್ಟ ಬೀಜಗಳಿಗಾಗಿ ಹುಡುಕಾಟ ಮೊದಲಾಯಿತು. ಬೀಜಕ್ಕೂ ಆಯುಷ್ಯವುಂಟು. ತಂಪಿನಲ್ಲಿ ಒಣಗಿಸಿಟ್ಟರೆ ಬಹುಕಾಲ ಬಾಳುತ್ತದೆ, ಅಟ್ಟದ ಸೆಕೆಯಲ್ಲಿ ಬಿದ್ದರೆ ಕೆಲವೇ ವರ್ಷಗಳಲ್ಲಿ ಸಾಯುತ್ತದೆ. ಒಂದು ಹಿಡಿ ಬಿತ್ತಿದರೆ ನಾಲ್ಕು ಮೊಳಕೆ ಬಂದರೂ ಹಬ್ಬ.

ಮೊಳಕೆ ಬಂದ ಮೇಲೆ ತಾಳ್ಮೆಯ ಕೆಲಸ. ಈ ಗಿಡದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಪರಾಗವನ್ನು ಒಯ್ಯುವುದು ಗಾಳಿ. ಪರಾಗ ತಾಗದ ಹೆಣ್ಣು ಹೂವೇ ಅಂಟಿನಿಂದ ತುಂಬಿ ಬೆಲೆ ಪಡೆಯುವುದರಿಂದ ಬೆಳೆಗಾರರು ಗಂಡನ್ನು ಕಂಡಲ್ಲಿ ಕಿತ್ತೆಸೆಯುತ್ತಾರೆ. ಕ್ಯಾಲಿಫೋರ್ನಿಯದವರು ಇದನ್ನು ತಮ್ಮ ಹೊಸ ವಿದ್ಯೆಯೆಂದು ಭಾವಿಸಿದ್ದರೆ ಅದು ಸರಿಯಲ್ಲ. ಬಂಗಾಳದ ನೌಗಾಂವ್ ಪ್ರದೇಶದಲ್ಲಿ, ಬ್ರಿಟಿಷ್ ಸರ್ಕಾರದ ಲೈಸೆನ್ಸಿನ ಗಾಂಜಾ ಹೊಲಗಳಲ್ಲಿ, ಗಂಡು ಗಿಡವನ್ನು ಗುರುತಿಸಿ ಕೀಳುವುದಕ್ಕೆಂದೇ ‘ಪೋದ್ದಾರ’ರೆಂಬ ಪರಿಣತರಿದ್ದುದನ್ನು 1893-94ರ ವಿಚಾರಣಾ ಮಂಡಲಿಯ ವರದಿಯು ವಿವರಿಸಿದೆ. ತಳಿ ತೆಗೆಯುವವನಿಗಾದರೋ ಗಂಡೂ ಬೇಕು. ಆದರೆ ಅದರ ಹೂವು ಮೂಸಿ ತಿಳಿಯುವಂತಹುದಲ್ಲ. ಕಾಂಡವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿ, ಬೆರಳನ್ನು ಮೂಗಿಗೆ ಹಿಡಿದು ಅದರ ಮಕ್ಕಳ ಗುಣವನ್ನು ಊಹಿಸಬೇಕು. ಮೊದಲನೆಯ ಪೀಳಿಗೆಯಲ್ಲಿ ಎಲ್ಲ ಗಿಡಗಳೂ ಒಂದೇ ಮನೆಯ ಮಕ್ಕಳಂತೆ ಸೌಮ್ಯವಾಗಿ ಕಾಣಿಸಬಹುದು. ಅವುಗಳಲ್ಲೇ ಸಂಬಂಧ ಬೆಳೆಸಿದಾಗ, ಎರಡನೆಯ ಪೀಳಿಗೆಯಲ್ಲಿ ಅಜ್ಜನ ಗುಣಗಳು ಅಲ್ಲಲ್ಲಿ ತಲೆಯೆತ್ತುತ್ತವೆ. ಮೆಂಡೆಲನ ಲೆಕ್ಕದಂತೆ, ಅಡಗಿ ಕೂರುವ ಎರಡು ಗುಣಗಳು ಕೂಡಿಬರಬೇಕಾದರೆ 16 ಗಿಡಗಳಲ್ಲಿ ಒಂದು. ಮೂರಾದರೆ 64ರಲ್ಲಿ ಒಂದು. ಇದೆಲ್ಲಕ್ಕೂ ಒಂದೊಂದು ಬೇಸಗೆ ಬೇಕು. ಅರವತ್ತು ದಾಟಿದವನ ಕೈಯಲ್ಲಿ ಎಷ್ಟು ಬೇಸಗೆಗಳಿವೆ?

ಮೂಗಿನ ಸಾಕ್ಷ್ಯವೂ ಗಟ್ಟಿಯಲ್ಲ. ಇಬ್ಬರು ಹಳಬರು ಒಂದೇ ಕಡ್ಡಿಯನ್ನು ಮೂಸಿದರೆ ಒಬ್ಬನು ‘ಇದೇ’ ಎಂದಾನು, ಇನ್ನೊಬ್ಬನು ‘ಇದಲ್ಲ’ ಎಂದಾನು. ತಾರುಣ್ಯದ ನೆನಪಿನೊಡನೆ ಬೆರೆತ ವಾಸನೆಯನ್ನು ಯಾವ ಗಿಡ ತಾನೇ ಪೂರೈಸೀತು? ಈ ಜಗಳಕ್ಕೆ ಒಂದು ಅಳತೆಗೋಲು ದೊರೆತದ್ದು 2021ರಲ್ಲಿ. ಅಲ್ಲಿಯವರೆಗೆ ಗಾಂಜಾದ ವಾಸನೆಯೆಲ್ಲ ಟರ್ಪೀನುಗಳದ್ದೆಂದೇ ನಂಬಿಕೆಯಿತ್ತು. ಅವು ನಿಂಬೆ, ಮಾವು, ಪೈನ್ ಮರಗಳಲ್ಲಿಯೂ ಇರುವ ಸಾಧು ದ್ರವ್ಯಗಳು. ಕ್ಯಾಲಿಫೋರ್ನಿಯದ ಇಯಾನ್ ಓಸ್ವಾಲ್ಡ್ ಮತ್ತು ಸಂಗಡಿಗರು ಸೂಕ್ಷ್ಮವಾದ ಗ್ಯಾಸ್ ಕ್ರೊಮಟೋಗ್ರಫಿ ಯಂತ್ರದಿಂದ ಪರೀಕ್ಷಿಸಿ, ಸ್ಕಂಕಿನ ಘಾಟಿಗೆ ಕಾರಣ ಗಂಧಕದ ಸಂಯುಕ್ತಗಳೆಂದು ತೋರಿಸಿದರು. ಅವುಗಳಲ್ಲಿ ಮುಖ್ಯವಾದುದು 3-ಮೀಥೈಲ್-2-ಬ್ಯೂಟೀನ್-1-ಥಯಾಲ್. ಬಿಸಿಲು ತಾಗಿ ಕೆಟ್ಟ ಬಿಯರಿನಲ್ಲಿ ಹುಟ್ಟುವುದೂ ಇದೇ. ಪ್ರಾಣಿಯ ದ್ರವದಲ್ಲಿರುವುದು ಇದರ ದಾಯಾದಿಗಳು. ಬೆಳ್ಳುಳ್ಳಿ, ಇಂಗುಗಳ ವಾಸನೆಯೂ ಗಂಧಕದ ಮನೆತನದ್ದೇ. ಗಂಧಕವೆಂಬ ಹೆಸರಿನೊಳಗೇ ಗಂಧವನ್ನು ಅಡಗಿಸಿಟ್ಟ ಪೂರ್ವಿಕರು ಮೂಗಿನ ಜಾಣರಾಗಿದ್ದರೆನ್ನಬೇಕು.

ಪರೀಕ್ಷೆಯಲ್ಲಿ ಈ ದ್ರವ್ಯವು ಎಲ್ಲಕ್ಕಿಂತ ಹೆಚ್ಚಾಗಿ ಕಂಡುಬಂದ ತಳಿಗೆ ಐಸ್‌ಕ್ರೀಮಿನ ಹೆಸರಿತ್ತು: ‘ಬಾಚೊ ಜೆಲಾಟೊ’! ಮುದುಕರು ಹಳೆಯ ಡಬ್ಬಿಗಳಲ್ಲಿ ಅರಸುತ್ತಿದ್ದುದರ ಒಂದು ಪಾಲಾದರೂ ಅವರು ಹೀಗಳೆಯುತ್ತಿದ್ದ ಬೇಕರಿಯಲ್ಲೇ ಕುಳಿತಿತ್ತು. ಇನ್ನೊಂದು ಸಂಗತಿಯೂ ಹೊರಬಿತ್ತು. ಈ ಸಂಯುಕ್ತಗಳು ಹೂವಿನ ಕೊನೆಯ ವಾರಗಳಲ್ಲಿ ಏರಿ, ಒಣಗಿಸಿ ಹದ ಮಾಡುವಾಗ ತುದಿ ಮುಟ್ಟಿ, ಮುಂದೆ ಕೆಲವೇ ದಿನಗಳ ದಾಸ್ತಾನಿನಲ್ಲಿ ಬಹಳವಾಗಿ ಇಳಿದುಹೋಗುತ್ತವೆ. ಹಿಂದಿನವರು ಕೊಯ್ದ ಕಣದಲ್ಲೇ ಮೂಸುತ್ತಿದ್ದರು. ಇಂದಿನವನು ಕೊಳ್ಳುವುದು ಕಪಾಟಿನಲ್ಲಿ ತಿಂಗಳುಗಟ್ಟಲೆ ಕಾದ ಸರಕನ್ನು. ಸೊಗಡು ಬೀಜದಿಂದ ಎಷ್ಟು ಹೋಯಿತು, ಕಪಾಟಿನಿಂದ ಎಷ್ಟು ಹೋಯಿತು ಎಂಬ ಲೆಕ್ಕವನ್ನು ಹಳಬರು ಹಾಕಿರಲಿಲ್ಲ.

ಘಾಟನ್ನು ಬೆಳೆಸುವುದಕ್ಕೆ ಕಾನೂನು ಅಡ್ಡಿಯಿಲ್ಲವೆಂದರೂ ನೆರೆಯವರು ಇದ್ದೇ ಇದ್ದಾರೆ. ಇದೇ ಪ್ರಾಂತದ ದಕ್ಷಿಣದಲ್ಲಿ, ಸಾಂತಾ ಬಾರ್ಬರ ಜಿಲ್ಲೆಯ ಕಾರ್ಪಿಂಟೀರಿಯ ಎಂಬ ಊರು ಒಂದು ಕಾಲಕ್ಕೆ ಹೂವಿಗೆ ಹೆಸರಾದದ್ದು. ಗುಲಾಬಿ, ಸೇವಂತಿಗೆ, ಜರ್ಬೆರಗಳು ಅರಳುತ್ತಿದ್ದ ಗಾಜಿನ ಮನೆಗಳಲ್ಲಿ ಗಾಂಜಾ ನಿಂತ ಮೇಲೆ ಊರಿನವರು ಕಿಟಕಿ ಮುಚ್ಚಿ ಕುಳಿತರು, ದೂರಿತ್ತರು, ನ್ಯಾಯಾಲಯಕ್ಕೂ ಹೋದರು. ಅಲ್ಲಿ ಗಾಳಿಯನ್ನು ಇದ್ದಿಲಿನ ಮೂಲಕ ಸೋಸಿ ನಾತವನ್ನು ಹಿಡಿಯುವ ಯಂತ್ರಗಳಿಗೆ ಹಣ ಸುರಿಯುತ್ತಿದ್ದಾರೆ. ಉತ್ತರದ ಬೆಟ್ಟಗಳಲ್ಲಿ ಅದೇ ನಾತಕ್ಕಾಗಿ ಬೇಸಗೆಗಳನ್ನು ಸುರಿಯುತ್ತಿದ್ದಾರೆ.

ಬೆಟ್ಟದವರಿಗೆ ಸುರಿಯಲು ಹಣವಿಲ್ಲ. ದೊಡ್ಡ ಬಂಡವಾಳದ ತೋಟಗಳು ಬಯಲಿನಲ್ಲಿ ಎದ್ದುವು. 2021ರಿಂದೀಚೆಗೆ ಪೌಂಡಿಗೆ ಸಾವಿರ ಡಾಲರನ್ನೂ ಮೀರಿದ್ದ ಬೆಲೆ ಕೆಲವು ನೂರಕ್ಕೆ ಕುಸಿಯಿತು. ಹೆಲಿಕಾಪ್ಟರಿಗೆ ಜಗ್ಗದವರು ಲೈಸೆನ್ಸಿನ ಶುಲ್ಕಕ್ಕೂ ತೆರಿಗೆಗೂ ಸೋತು ತೋಟ ಮುಚ್ಚಿದರು. ಬಯಲು ನೆಲದಲ್ಲಿ, ದೀಪದ ನೆರವಿಲ್ಲದೆ ಬೆಳೆದುದಕ್ಕೆ ಊರಿನ ಹೆಸರನ್ನೇ ಮುದ್ರೆಯಾಗಿ ಒತ್ತಲು ಅವಕಾಶ ಕೊಡುವ ಕಾನೂನು 2020ರಲ್ಲಿ ಬಂದಿದೆ. ನಂಜನಗೂಡಿನ ರಸಬಾಳೆಗೆ ಊರಿನ ಹೆಸರು ಹೇಗೋ ಹಾಗೆ. ಆದರೆ ಹೆಸರಿಗೆ ತಕ್ಕ ವಾಸನೆಯು ಗಿಡದಲ್ಲಿರಬೇಕಲ್ಲ!

ಅಕ್ಟೋಬರ್ ತಿಂಗಳಿನಲ್ಲಿ ಮಳೆಯ ಮುನ್ನೆಳಲು ಗುಡ್ಡಗಳ ಮೇಲೆ ಬೀಳುವ ಹೊತ್ತಿಗೆ ಉಳಿದ ತೋಟಗಳಲ್ಲಿ ಕೊಯ್ಲು ಮುಗಿಯುತ್ತದೆ. ಬೀಜಕ್ಕೆಂದು ಬೇಲಿಯ ಮೂಲೆಯಲ್ಲಿ ಬಿಟ್ಟ ನಾಲ್ಕಾರು ಗಿಡಗಳನ್ನು ಕೊನೆಗೆ ಕೊಯ್ದು, ಕಾಗದದ ಮೇಲೆ ಉದುರಿಸಿ, ಜೊಳ್ಳನ್ನು ಊದಿ ಎಣಿಸುತ್ತಾರೆ. ಘಾಟು ಹೆಚ್ಚಿದ್ದ ಗಿಡದ್ದು ಒಂದು ಪೊಟ್ಟಣ, ಅನುಮಾನದ್ದು ಇನ್ನೊಂದು. ಮೇಲೆ ಇಸವಿಯನ್ನೂ ತಾಯಿ ತಂದೆ ಗಿಡಗಳ ಸಂಖ್ಯೆಯನ್ನೂ ಬರೆದು ತಗಡಿನ ಡಬ್ಬಿಗೆ ಹಾಕುತ್ತಾರೆ. ಹಿಂದೆ ಬೀಜ ಕಟ್ಟಿಟ್ಟವರು ಯಾರೂ ಹೀಗೆ ಬರೆದಿಟ್ಟಿರಲಿಲ್ಲ. ಪೊಲೀಸರ ಕೈಗೆ ಸಿಕ್ಕರೆ ಬರೆಹವೂ ಸಾಕ್ಷಿಯಾಗುತ್ತಿತ್ತು.