ನಾವು ಜಾಮೀನು ನಿಂತ ಲಿಂಕ್

ಮಡಿಕೇರಿ ದಸರಾದಲ್ಲಿ ದಶಮಂಟಪ ಹೊರಡುವ ರಾತ್ರಿ ಪೇಟೆಯಲ್ಲಿ ಒಂದು ರೂಮು ಸಿಗುವುದು ಎಷ್ಟು ಕಷ್ಟ ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಆ ರಾತ್ರಿ ಪೂರ್ತಿ ನಿದ್ದೆಗೆಟ್ಟು, ಬೆಳಿಗ್ಗೆ ಮೆರವಣಿಗೆಯ ಸುದ್ದಿ, ಫೋಟೋ ಕಳಿಸಿ ಮಲಗಿದ್ದೆವಷ್ಟೆ. ಸಂಪಾಜೆ ಕಡೆಯ ಹಿರಿಯರೊಬ್ಬರ ಫೋನ್ ಬಂತು.

"ಎಂಥ ಮಾರಾಯ್ರೆ, ನಿಮ್ಮ ಪೇಜಿನಲ್ಲಿ ಒತ್ತಿಯೇ ರೂಮು ಮಾಡಿದ್ದು. ಏಳು ಸಾವಿರ ಕಟ್ಟಿದೆ. ಹೋಗಿ ನೋಡಿದ್ರೆ ಅಲ್ಲಿ ಹೋಂಸ್ಟೇಯೂ ಇಲ್ಲ, ಮನೆಯೂ ಇಲ್ಲ. ಯಾರದ್ದೋ ತೋಟದ ಗೇಟು!"

ರೂಮು ಬೇಕಾಗಿದ್ದದ್ದು ಅವರಿಗಲ್ಲ, ಶಿವಮೊಗ್ಗದಿಂದ ದಸರಾ ನೋಡಲು ಬಂದಿದ್ದ ಬೀಗರಿಗೆ. ಬೀಗರು ರಾತ್ರಿ ಕಾರಿನಲ್ಲೇ ಮಲಗಿದರಂತೆ. ಏಳು ಸಾವಿರಕ್ಕಿಂತ ಅದೇ ಅವರಿಗೆ ಹೆಚ್ಚು ನೋವಾಗಿತ್ತು. ತಕ್ಷಣ 1930ಕ್ಕೆ ಫೋನ್ ಮಾಡಿ ದೂರು ಕೊಡಿ ಅಂದೆವು, ಕೊಟ್ಟರು. ಆದರೆ ದುಡ್ಡು ಕಟ್ಟಿ ಆಗಲೇ ಹತ್ತು ದಿನ ಕಳೆದಿತ್ತು.

ಫೋನ್ ಇಟ್ಟ ಮೇಲೆ ನಮಗೆ ನಿದ್ದೆ ಬರಲಿಲ್ಲ. ಅವರು ಹೇಳಿದ ಲಿಂಕ್ ಯಾವುದು, ಅದು ಅಲ್ಲಿಗೆ ಹೇಗೆ ಬಂತು ಎನ್ನುವುದು ನಮಗೆ ಚೆನ್ನಾಗಿ ಗೊತ್ತಿತ್ತು.

ಎರಡು ವರ್ಷದ ಹಿಂದೆ ನಮ್ಮ ಬ್ಲಾಗಿಗೆ ಒಂದು ಮೇಲ್ ಬಂದಿತ್ತು. ನಿಮ್ಮ ಬರಹ ಬಹಳ ಹಿಡಿಸಿತು, ಅದರಲ್ಲಿ 'ಕೂರ್ಗ್ ಹೋಂಸ್ಟೇ' ಎಂಬ ಎರಡು ಪದ ಸೇರಿಸಿ ನಮ್ಮ ಪ್ರವಾಸಿ ಸೈಟಿಗೆ ಲಿಂಕ್ ಕೊಡಿ, 3,000 ರೂಪಾಯಿ ಕೊಡುತ್ತೇವೆ ಎಂದು. ಇಲ್ಲಿ ನಾವ್ಯಾರೂ ಕೂರ್ಗ್ ಅನ್ನುವುದಿಲ್ಲ, ಬೆಂಗಳೂರಿನಲ್ಲಿ ಕೂತು ಹುಡುಕುವವರು ಅನ್ನುತ್ತಾರೆ. ಅವರಿಗೆ ಬೇಕಾಗಿದ್ದದ್ದೂ ಆ ಹೆಸರೇ. ಒಂದು ಷರತ್ತು ಮಾತ್ರ ಇತ್ತು: ಲಿಂಕಿಗೆ ನೋಫಾಲೋ ಇರಬಾರದು.

ನಾವು ಡಿಪ್ಲೊಮಾ ಮುಗಿಸಿ ಸ್ಟ್ರಿಂಗರ್ ಆದವರು. ಸುದ್ದಿಗಿಷ್ಟು ಅಂತ ಬರುವ ದುಡ್ಡು ಬೈಕಿನ ಪೆಟ್ರೋಲಿಗೇ ಸಾಲುವುದಿಲ್ಲ. ಆ ತಿಂಗಳು ಡೊಮೈನ್ ಹೆಸರಿನ ಶುಲ್ಕ ಬೇರೆ ಕಟ್ಟಬೇಕಿತ್ತು. ಲಿಂಕ್ ಹಾಕಿದೆವು.

ಹಾಕಿದ್ದು ಎಲ್ಲಿಗೆ ಅಂದರೆ, 2018ರ ಆಗಸ್ಟಿನ ಭೂಕುಸಿತದ ಬಗ್ಗೆ ನಾವು ಬರೆದ ಲೇಖನಕ್ಕೆ. ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಜರಿದದ್ದು, ಮಡಿಕೇರಿ–ಸಂಪಾಜೆ ಹೆದ್ದಾರಿ ಮುಚ್ಚಿದ್ದು, ಮನೆ ಹಿಂದಿನ ಬರೆ ಕುಸಿಯುವ ಮೊದಲು ಏನೇನು ಗುರುತು ಕಾಣುತ್ತದೆ ಎನ್ನುವುದು, ಎಲ್ಲ ಅದರಲ್ಲಿತ್ತು. ನಾವು ಬರೆದದ್ದರಲ್ಲಿ ಹೆಚ್ಚು ಜನ ಓದಿದ್ದು, ಬೇರೆ ಸೈಟಿನವರು ಹೆಚ್ಚು ಲಿಂಕ್ ಕೊಟ್ಟದ್ದು ಅದಕ್ಕೇ. ಮೇಲ್ ಕಳಿಸಿದವರು ಅದನ್ನೇ ಆರಿಸಿದ್ದು ಸುಮ್ಮನೆ ಅಲ್ಲ. ಸಂಪಾಜೆಯ ಹಿರಿಯರು ನಂಬಿದ್ದೂ ಅದಕ್ಕೇ: ಅದು ಅವರ ಊರಿನ ಕಥೆ.

ಈ ನೋಫಾಲೋ ಅಂದರೆ ಏನು? ಸಹಕಾರ ಸಂಘದಲ್ಲಿ ಸಾಲಕ್ಕೆ ಜಾಮೀನು ಹಾಕುತ್ತೇವಲ್ಲ, ಒಂದು ಸೈಟ್ ಇನ್ನೊಂದಕ್ಕೆ ಲಿಂಕ್ ಕೊಡುವುದೂ ಹೆಚ್ಚುಕಡಿಮೆ ಹಾಗೇ. ಲ್ಯಾರಿ ಪೇಜ್, ಸರ್ಗೆ ಬ್ರಿನ್ ಎಂಬ ಇಬ್ಬರು ವಿದ್ಯಾರ್ಥಿಗಳು 1998ರಲ್ಲಿ ಗೂಗಲ್ ಕಟ್ಟಿದಾಗ ಹಿಡಿದ ಎಳೆ ಇದು. ಯಾರಿಗೆ ಹೆಚ್ಚು ಜನ ಲಿಂಕ್ ಕೊಟ್ಟಿದ್ದಾರೆ, ಕೊಟ್ಟವರಿಗೆ ಎಷ್ಟು ತೂಕ ಇದೆ ಎಂದು ಲೆಕ್ಕ ಹಾಕಿ ಸೈಟುಗಳನ್ನು ಮೇಲೆ ಕೆಳಗೆ ಮಾಡುವುದು. ಅದಕ್ಕೆ ಪೇಜ್‌ರ‍್ಯಾಂಕ್ ಎಂದು ಹೆಸರು. 2000ದಲ್ಲಿ ಗೂಗಲ್ಲೇ ಬ್ರೌಸರಿಗೆ ಸೇರಿಸಿಕೊಳ್ಳುವ ಒಂದು ಟೂಲ್‌ಬಾರ್ ಬಿಟ್ಟಿತು. ಪ್ರತಿ ಪುಟಕ್ಕೆ ಹತ್ತರಲ್ಲಿ ಎಷ್ಟು ಅಂಕ ಎಂದು ಅದು ತೋರಿಸುತ್ತಿತ್ತು. ಕಾಫಿ ರೇಟು ನೋಡಿ ಮೂಟೆ ಮಾರುವಂತೆ ಜನ ಅಂಕ ನೋಡಿ ಲಿಂಕ್ ಮಾರಲು ಹೊರಟರು. 2016ರಲ್ಲಿ ಗೂಗಲ್ ಆ ಅಂಕ ತೋರಿಸುವುದನ್ನೇ ನಿಲ್ಲಿಸಿತು. ವ್ಯಾಪಾರ ಮಾತ್ರ ನಿಲ್ಲಲಿಲ್ಲ.

ದುಡ್ಡು ಕೊಡಲೂ ಮನಸ್ಸಿಲ್ಲದವರು ಕಂಡಕಂಡ ಬ್ಲಾಗುಗಳ ಕಮೆಂಟಿನಲ್ಲಿ ತಮ್ಮ ಲಿಂಕ್ ತುರುಕುತ್ತಿದ್ದರು. ಅದಕ್ಕೆ ಮದ್ದಾಗಿ 2005ರ ಜನವರಿಯಲ್ಲಿ ಗೂಗಲ್, ಯಾಹೂ, ಎಂಎಸ್‌ಎನ್ ಸೇರಿ ತಂದದ್ದು ನೋಫಾಲೋ. ಲಿಂಕಿನ ಕೋಡಿನಲ್ಲಿ 'ರೆಲ್' ಎಂಬ ಜಾಗದಲ್ಲಿ ಆ ಪದ ಬರೆದರೆ, 'ಇವರ ಹೆಸರು ಹೇಳಿದ್ದೇವೆ ಅಷ್ಟೆ, ಜಾಮೀನು ನಿಲ್ಲುವುದಿಲ್ಲ' ಎಂದು ಸರ್ಚ್ ಎಂಜಿನ್ನಿಗೆ ಹೇಳಿದಂತೆ. ವಿಕಿಪೀಡಿಯಾದ ಹೊರಗಿನ ಲಿಂಕುಗಳಿಗೆಲ್ಲ ಈ ಗುರುತು ಇದೆ (ಆದ್ದರಿಂದ ನಿಮ್ಮ ಬ್ಲಾಗಿನ ಲಿಂಕನ್ನು ಅಲ್ಲಿ ಹೋಗಿ ಅಂಟಿಸುವ ಕಷ್ಟ ಪಡಬೇಡಿ). 2019ರ ಸೆಪ್ಟೆಂಬರಿನಲ್ಲಿ ಗೂಗಲ್ ಇನ್ನೆರಡು ಪದ ಕೊಟ್ಟಿತು. ದುಡ್ಡು ಪಡೆದು ಹಾಕಿದ್ದಕ್ಕೆ 'ಸ್ಪಾನ್ಸರ್ಡ್', ಓದುಗರು ತಾವೇ ಬರೆದದ್ದಕ್ಕೆ 'ಯುಜಿಸಿ'. ಇವೆಲ್ಲ ಈಗ ಅದಕ್ಕೆ ಆಜ್ಞೆಯಲ್ಲ, ಸುಳಿವು. ಆದರೆ ದುಡ್ಡು ಪಡೆದ ಲಿಂಕಿಗೆ ಸ್ಪಾನ್ಸರ್ಡ್ ಅಥವಾ ನೋಫಾಲೋ ಹಾಕಲೇಬೇಕು ಎನ್ನುವುದು ಅದರ ನಿಯಮ. ನಾವು ಮುರಿದದ್ದು ಅದನ್ನು.

ಮಧ್ಯಾಹ್ನ ಲ್ಯಾಪ್‌ಟಾಪ್ ತೆರೆದು ಫೈರ್‌ಫಾಕ್ಸಿಗೆ ಒಂದು ಆಡ್‌ಆನ್ ಹಾಕಿದೆವು. ಪುಟದಲ್ಲಿ ನೋಫಾಲೋ ಇರುವ ಪ್ರತಿ ಲಿಂಕಿನ ಸುತ್ತ ಅದು ಕೆಂಪು ಚುಕ್ಕೆಯ ಗೆರೆ ಎಳೆಯುತ್ತದೆ. ಭೂಕುಸಿತದ ಲೇಖನ ತೆರೆದೆವು. ಹೊರಗಿನ ಲಿಂಕ್ 11 ಇದ್ದವು. 10ಕ್ಕೆ ಕೆಂಪು ಗೆರೆ ಬಂತು. ಕೊಡಗು ಜಿಲ್ಲಾಡಳಿತದ ಸೈಟಿಗೆ ಕೆಂಪು. ಮಳೆ ಲೆಕ್ಕ ಕೊಡುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಕೆಂಪು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೂ ಕೆಂಪು. ಗೆರೆ ಇಲ್ಲದೆ ಚೊಕ್ಕವಾಗಿ ಕಂಡದ್ದು ಒಂದೇ, 'ಕೂರ್ಗ್ ಹೋಂಸ್ಟೇ'.

ಕಾರಣ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಹೊರಗಿನವರಿಗೆ ಲಿಂಕ್ ಕೊಟ್ಟರೆ ನಿಮ್ಮ ಸೈಟಿನ ಶಕ್ತಿ ಸೋರಿಹೋಗುತ್ತದೆ ಎಂದು ಯಾರೋ ವಿಡಿಯೋದಲ್ಲಿ ಹೇಳಿದ್ದನ್ನು ನಂಬಿ, ಎಲ್ಲ ಹೊರಲಿಂಕುಗಳಿಗೂ ತಾನಾಗಿ ನೋಫಾಲೋ ಹಾಕುವ ಒಂದು ಪ್ಲಗಿನ್ ಅನ್ನು ಬ್ಲಾಗಿಗೆ ಕೂರಿಸಿದ್ದೆವು. ದುಡ್ಡು ಕೊಟ್ಟವರ ಷರತ್ತಿಗಾಗಿ ಅದೊಂದನ್ನು ಮಾತ್ರ ಕೈಯಾರೆ ಬಿಡಿಸಿದ್ದೆವು. ಅಂದರೆ ನಮ್ಮ ಊರುಗಳ ಸಾವುನೋವಿನ ಲೇಖನದಲ್ಲಿ ಸರ್ಚ್ ಎಂಜಿನ್ನಿಗೆ ಎರಡು ವರ್ಷ ನಾವು ಹೇಳಿಕೊಂಡು ಬಂದದ್ದು ಇಷ್ಟು: ಜಿಲ್ಲಾಡಳಿತಕ್ಕೆ ಜಾಮೀನು ಇಲ್ಲ, ಭೂವಿಜ್ಞಾನಿಗಳಿಗೆ ಇಲ್ಲ, ಈ ಹೋಂಸ್ಟೇಯವರಿಗೆ ಮಾತ್ರ ಉಂಟು.

ಹಾಗೆ ನೋಡಿದರೆ ನಾವು ಲಿಂಕ್ ಕೊಟ್ಟಾಗ ಅದು ಸಾಧಾರಣ ಪ್ರವಾಸಿ ಸೈಟೇ ಆಗಿತ್ತು, ಅಬ್ಬಿ ಫಾಲ್ಸ್, ರಾಜಾಸೀಟಿನ ಫೋಟೋ ಹಾಕಿಕೊಂಡು. ಆಮೇಲೆ ಅವರು ಡೊಮೈನ್ ಶುಲ್ಕ ಕಟ್ಟದೆ ಬಿಟ್ಟರೋ ಏನೋ, ಬೇರೆ ಯಾರೋ ಆ ಹೆಸರು ಹಿಡಿದು ಬುಕಿಂಗ್ ಪುಟ ಮಾಡಿದ್ದರು. ಹೆಸರು ಅದೇ, ಒಳಗಿನವರು ಬೇರೆ. ನಮ್ಮ ಜಾಮೀನು ಹಾಗೇ ಚಾಲ್ತಿಯಲ್ಲಿತ್ತು.

ಲಿಂಕ್ ಕಿತ್ತೆವು, ಆ ಪ್ಲಗಿನ್ನನ್ನೂ ತೆಗೆದೆವು. ಮುಂದೆಂದಾದರೂ ದುಡ್ಡು ಪಡೆದು ಲಿಂಕ್ ಹಾಕಿದರೆ ಕೋಡಿನಲ್ಲಿ ಸ್ಪಾನ್ಸರ್ಡ್ ಬರೆಯುವುದಷ್ಟೇ ಅಲ್ಲ, ಪಕ್ಕದಲ್ಲಿ ಕಣ್ಣಿಗೆ ಕಾಣುವಂತೆ 'ಹಣ ಪಡೆದು ಹಾಕಿದ್ದು' ಅಂತ ಕನ್ನಡದಲ್ಲಿ ಬರೆಯುವುದು ಎಂದು ನಮ್ಮೊಳಗೆ ಮಾತಾಯಿತು. ಏಕೆಂದರೆ ರೆಲ್ ಗಿಲ್ ಎಲ್ಲ ಯಂತ್ರ ಓದುವುದು. ಒತ್ತುವವರಿಗೆ ನೋಫಾಲೋ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಆಡ್‌ಆನ್ ಬಗ್ಗೆಯೂ ಒಂದು ಮಾತು. ಇಂಥವನ್ನು ಹಾಕುವಾಗ 'ನೀವು ನೋಡುವ ಎಲ್ಲ ಸೈಟುಗಳ ಮಾಹಿತಿ ಓದಲು, ಬದಲಿಸಲು' ಅನುಮತಿ ಕೇಳುತ್ತವೆ. ಬ್ಯಾಂಕಿನ ಪುಟವೂ ಅದರಲ್ಲಿ ಸೇರಿತು. ಕ್ರೋಮಿನಲ್ಲಿ 'ದಿ ಗ್ರೇಟ್ ಸಸ್ಪೆಂಡರ್' ಎಂಬ ಬಹಳ ಹೆಸರಾದ ಆಡ್‌ಆನ್ 2020ರಲ್ಲಿ ಬೇರೆಯವರ ಕೈಗೆ ಮಾರಾಟವಾಗಿ, ಅದರಲ್ಲಿ ಕೆಟ್ಟ ಕೋಡ್ ಇದೆ ಎಂದು 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ತೆಗೆದುಹಾಕಿತು. ಅಲ್ಲಿಯೂ ಹೆಸರು ಅದೇ, ಒಳಗಿನವರು ಬೇರೆ. ನಾವು ಕೆಲಸ ಮುಗಿದ ಕೂಡಲೇ ಕೆಂಪು ಗೆರೆಯ ಆಡ್‌ಆನ್ ತೆಗೆದೆವು.

ವಾರ ಕಳೆದು ಸಂಪಾಜೆಗೆ ಹೋದೆವು. ನಾವು ಪಡೆದಿದ್ದ 3,000ವನ್ನು ಹಿರಿಯರ ಮುಂದೆ ಇಟ್ಟೆವು. ಮೊದಲು ಬೇಡ ಅಂದರು, ಆಮೇಲೆ ತೆಗೆದುಕೊಂಡರು. ನಮ್ಮದು ಏನು ತಪ್ಪು ಅಂತ ಕೇಳಿದರು, ಪೂರ್ತಿ ಹೇಳಿದೆವು. ಫೋನಿನ ಕ್ರೋಮಿಗೆ ಆಡ್‌ಆನ್ ಹಾಕಲು ಬರುವುದಿಲ್ಲ. ಅದಕ್ಕೆ ಲಿಂಕನ್ನು ಒತ್ತಿ ಬಿಡುವ ಬದಲು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಅದು ಎಲ್ಲಿಗೆ ಹೋಗುತ್ತದೆ ಎಂಬ ವಿಳಾಸ ಕಾಣುತ್ತದೆ ಎಂದು ತೋರಿಸಿಕೊಟ್ಟೆವು. ಹೋಂಸ್ಟೇ ಆದರೆ ದುಡ್ಡು ಕಟ್ಟುವ ಮೊದಲು ಪ್ರವಾಸೋದ್ಯಮ ಇಲಾಖೆಯ ನೋಂದಣಿ ಸಂಖ್ಯೆ ಕೇಳಿ ಅಂತಲೂ ಹೇಳಿದೆವು.

ಅವರು ಕನ್ನಡಕ ಹಾಕಿಕೊಂಡು ನಮ್ಮದೇ ಲೇಖನ ತೆರೆದರು. ಒಂದೊಂದೇ ಲಿಂಕನ್ನು ಒತ್ತಿ ಹಿಡಿದು ನೋಡುತ್ತಾ ಬಂದರು. ಜಿಲ್ಲಾಡಳಿತದ ಸೈಟಿನ ಲಿಂಕ್ ಬಂದಾಗ ಬೆರಳು ಅಲ್ಲೇ ಇಟ್ಟು ನಮ್ಮ ಮುಖ ನೋಡಿ ಕೇಳಿದರು.

"ಇದಕ್ಕೆ ಎಷ್ಟು ತಗೊಂಡಿದ್ದೀರಿ?"