ಕೊನೆಯಲ್ಲಿ ಬರಬೇಕಾದ ಎರಡಕ್ಷರ

ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ನಾವು ಮೂವರು ಗೆಳತಿಯರು ಸೇರಿ ಸಿ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದೆವು. ತ್ರಿಭುಜದ ಮೂರು ಬಾಹುಗಳ ಅಳತೆ ಕೊಟ್ಟರೆ, ಹೆರಾನ್‌ನ ಸೂತ್ರದಿಂದ ಅದು ವಿಸ್ತೀರ್ಣವನ್ನು ಹೇಳಬೇಕು. ಅಳತೆ ಕೇಳುವ ಫೈಲು ಒಬ್ಬಳದು, ಉತ್ತರ ತೋರಿಸುವ ಫೈಲು ಇನ್ನೊಬ್ಬಳದು, ವರ್ಗಮೂಲ ತೆಗೆದು ಲೆಕ್ಕ ಮಾಡುವ ಫೈಲು ಮೂರನೆಯವಳದು. ಮನೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಎಲ್ಲವೂ ಸರಿಯಾಗಿ ನಡೆಯಿತು.

ಪ್ರದರ್ಶನದ ಹಿಂದಿನ ದಿನ ಶಾಲೆಯ ಲ್ಯಾಬಿಗೆ ಬಂದೆವು. ಅಲ್ಲಿದ್ದುದು ಉಬುಂಟು ಲಿನಕ್ಸ್. ಜಿಸಿಸಿ ಕೊಟ್ಟ ಕೂಡಲೇ ಪರದೆಯ ಮೇಲೆ ಬಂತು: 'ಅನ್‌ಡಿಫೈನ್ಡ್ ರೆಫರೆನ್ಸ್ ಟು ಎಸ್‌ಕ್ಯೂಆರ್‌ಟಿ'! ವರ್ಗಮೂಲದ ಫಂಕ್ಷನ್ ಸಿಗುತ್ತಿಲ್ಲ ಎಂದು ಅದರ ಅರ್ಥ. ಪರೀಕ್ಷಿಸಲೆಂದು 16ರ ವರ್ಗಮೂಲ ತೆಗೆಯುವ ಪುಟ್ಟ ಪ್ರೋಗ್ರಾಂ ಬರೆದೆವು. ಅದು ಓಡಿತು. ಹಾಗಾದರೆ ತಪ್ಪು ಆ ಮೂರನೆಯ ಫೈಲಿನದೇ ಎಂದು ತೀರ್ಮಾನಿಸಿ ಗೆಳತಿಯ ಮೇಲೆ ರೇಗಾಡಿದೆವು. ಅವಳು ಅಳುತ್ತಾ ಹೊರಗೆ ಹೋದಳು.

ಕಂಪ್ಯೂಟರ್ ಮೇಡಂ ಬಂದು ಪರದೆಯ ಕೊನೆಯ ಸಾಲನ್ನು ತೋರಿಸಿದರು. ಅಲ್ಲಿ 'ಎಲ್‌ಡಿ' ಎಂದಿತ್ತು. ಎಲ್‌ಡಿ ಎಂದರೆ ಲಿಂಕರ್. ಕಂಪೈಲರ್ ನಮ್ಮ ಮೂರೂ ಫೈಲುಗಳನ್ನು ಒಪ್ಪಿತ್ತು. ತೊಡಕು ಬಂದದ್ದು ಅವುಗಳನ್ನು ಜೋಡಿಸುವಾಗ. ಲಿನಕ್ಸಿನಲ್ಲಿ ಗಣಿತದ ಫಂಕ್ಷನ್‌ಗಳು 'ಲಿಬ್‌ಎಂ' ಎಂಬ ಬೇರೆ ಲೈಬ್ರರಿಯಲ್ಲಿವೆ. ಅದು ಬೇಕೆಂದು '-ಎಲ್‌ಎಂ' ಎಂದು ಬರೆದು ತಿಳಿಸಬೇಕು. ಮತ್ತೆ 16ರ ಪ್ರೋಗ್ರಾಂ ಹೇಗೆ ಓಡಿತು? ಸಂಖ್ಯೆ ಮೊದಲೇ ಗೊತ್ತಿದ್ದುದರಿಂದ ಜಿಸಿಸಿ ತಾನೇ ಲೆಕ್ಕ ಮಾಡಿ 4 ಎಂದು ಇಟ್ಟುಬಿಟ್ಟಿತ್ತು. ಲೈಬ್ರರಿಯ ಅಗತ್ಯವೇ ಬಿದ್ದಿರಲಿಲ್ಲ!

ನಾವು ಅವಸರದಲ್ಲಿ '-ಎಲ್‌ಎಂ' ಅನ್ನು ಜಿಸಿಸಿಯ ಪಕ್ಕದಲ್ಲೇ, ಫೈಲುಗಳ ಹೆಸರಿಗಿಂತ ಮೊದಲೇ ಹಾಕಿದೆವು. ಮತ್ತೆ ಅದೇ ದೋಷ. ಲಿಂಕರ್ ಎಡದಿಂದ ಬಲಕ್ಕೆ ಓದುತ್ತದೆ. ಲೈಬ್ರರಿಯ ಹೆಸರು ಬರುವ ಹೊತ್ತಿಗೆ ಯಾರೂ ಏನನ್ನೂ ಕೇಳಿರದಿದ್ದರೆ, ಇದು ಬೇಡವೆಂದು ಮುಂದೆ ಸಾಗುತ್ತದೆ. ಸಾಮಾನಿನ ಚೀಟಿ ಬರೆಯುವ ಮೊದಲೇ ಅಂಗಡಿಗೆ ಹೋಗಿ ಬರಿಗೈಯಲ್ಲಿ ಬಂದ ಹಾಗೆ! ಆದ್ದರಿಂದ ಮೊದಲು ಫೈಲುಗಳು, ಆಮೇಲೆ ಲೈಬ್ರರಿ. '-ಓ' ಎಂದು ಬರೆದು ಪ್ರೋಗ್ರಾಮಿಗೆ 'ತ್ರಿಭುಜ' ಎಂದು ಹೆಸರನ್ನೂ ಕೊಟ್ಟೆವು. ಇಲ್ಲದಿದ್ದರೆ ಅದರ ಹೆಸರು 'ಎ.ಔಟ್' ಎಂದೇ ಆಗುತ್ತಿತ್ತು.

ಆಜ್ಞೆಯನ್ನು ತಿದ್ದಿದೆವು, ಆದರೆ ಎಂಟರ್ ಒತ್ತಲಿಲ್ಲ. ಹೊರಗೆ ಹೋಗಿ ಗೆಳತಿಯ ಕ್ಷಮೆ ಕೇಳಿ ಕರೆತಂದೆವು. ಎಂಟರ್ ಒತ್ತಿದ್ದು ಅವಳೇ. ಅವಳ ಫೈಲಿನಲ್ಲಿ ಒಂದಕ್ಷರವನ್ನೂ ಬದಲಿಸಿರಲಿಲ್ಲ. 3, 4, 5 ಎಂದು ಕೊಟ್ಟೆವು. ಪರದೆಯ ಮೇಲೆ 6 ಎಂದು ಬಂತು.

ಈಗ ದೋಷ ಬಂದರೆ ನಾವು ಮೊದಲು ನೋಡುವುದು ದೂರು ಕೊಟ್ಟವರು ಯಾರು ಎಂದು, ಕಂಪೈಲರೋ ಲಿಂಕರೋ. ತಪ್ಪು ಯಾರದು ಎಂಬ ಮಾತು ಆಮೇಲೆ.