ನಾಯಿಗೊಬ್ಬ ಜಾಮೀನುದಾರ

ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಕೂತು, ಸಾಲ ಕೇಳಲು ಬಂದವರಿಗೆಲ್ಲ "ಜಾಮೀನುದಾರರನ್ನು ಕರಕೊಂಡು ಬನ್ನಿ" ಎಂದವನು ನಾನು. ಅರವತ್ತಾರರ ವಯಸ್ಸಿನಲ್ಲಿ ಇಪ್ಪತ್ತೈದರ ಹುಡುಗಿಯೊಬ್ಬಳಿಂದ ಅದೇ ಮಾತು ಕೇಳಿಸಿಕೊಳ್ಳಬೇಕಾಯಿತು. ಅದೂ ಒಂದು ಬೀದಿನಾಯಿಗಾಗಿ!

ಮಗ ಸಂಸಾರಸಮೇತ ಸಿಂಗಾಪುರಕ್ಕೆ ಹೋದ ಮೇಲೆ ನಮ್ಮ ಮುಲುಂಡದ ಮನೆಯಲ್ಲಿ ಟೀವಿಯೊಂದೇ ಮಾತಾಡುತ್ತಿತ್ತು. "ಒಂದ್ ನಾಯಿ ತರೂಣೇನ್ರಿ?" ಎಂದಳು ನಮ್ಮಾಕೆ. ನನಗೆ ನಗು ಬಂತು. ಧಾರವಾಡದ ನಮ್ಮ ಮನೆಗೆ ನಾಯಿಯನ್ನು ಯಾರೂ ತಂದದ್ದಿಲ್ಲ. ಅದೇ ಬಂದು ಕಟ್ಟೆಯ ಕೆಳಗೆ ಮಲಗುತ್ತಿತ್ತು, ಅವ್ವ ರೊಟ್ಟಿ ಹಾಕುತ್ತಿದ್ದಳು, ಅಲ್ಲಿಗೆ ದತ್ತಕ ಮುಗಿಯಿತು.

ಇಲ್ಲಿ ಹಾಗಲ್ಲ. ರೊಕ್ಕ ಕೊಟ್ಟು ಲ್ಯಾಬ್ರಡಾರ್ ತರಬೇಕೆಂದಿದ್ದೆ. ಗೆಳೆಯರ ಬೆಕ್ಕಿನ ಸಂಗಡ ಪರೇಲಿನ ಪ್ರಾಣಿಗಳ ಆಸ್ಪತ್ರೆಗೆ ಹೋದಾಗ ಪಾರ್ಸಿ ಹಿರಿಯರೊಬ್ಬರು ಆ ವಿಚಾರ ಬಿಡಿಸಿದರು. (ಪಾರ್ಸಿಗಳ ನಾಯಿಪ್ರೀತಿ ಹಳೆಯದು. 1832ರಲ್ಲಿ ಸರಕಾರ ಬೀದಿನಾಯಿಗಳನ್ನು ಕೊಲ್ಲಿಸಲು ಹೊರಟಾಗ ಇದೇ ಮುಂಬಯಿಯಲ್ಲಿ ದಂಗೆಯೆದ್ದವರು ಅವರು.) ಬೀದಿಯಿಂದ ಎತ್ತಿ ತಂದು ಸಾಕಿದ ನಾಯಿಗಳನ್ನು ಕೊಡುವ ಸಂಸ್ಥೆಗಳು ಬೇಕಾದಷ್ಟಿವೆ, ಈ ಸೆಕೆಗೆ ನಮ್ಮ ದೇಸೀ ನಾಯಿಯೇ ಸರಿ ಎಂದರು.

ರವಿವಾರದ ಶಿಬಿರಕ್ಕೆ ಹೋದೆವು. ಅಲ್ಲಿಯ ಫಾರ್ಮು ನಮ್ಮ ಬ್ಯಾಂಕಿನದಕ್ಕಿಂತ ಉದ್ದ. ಮನೆ ಸ್ವಂತದ್ದೋ ಬಾಡಿಗೆಯದೋ? ಬಾಲ್ಕನಿಗೆ ಗ್ರಿಲ್ ಇದೆಯೇ? ನಾಯಿ ಒಂಟಿಯಾಗಿ ಎಷ್ಟು ತಾಸು ಇರಬೇಕಾದೀತು? ಊರಿಗೆ ಹೋದಾಗ ಏನು ಮಾಡುತ್ತೀರಿ? ಆಮೇಲೆ ಮನೆ ನೋಡಲೂ ಬರುತ್ತಾರಂತೆ. ನಮ್ಮಾಕೆ ಎರಡು ತಿಂಗಳ ಮರಿಯೊಂದನ್ನು ಎತ್ತಿಕೊಂಡು ಕೂತಿದ್ದಳು. ಹುಡುಗಿ ನನ್ನ ವಯಸ್ಸಿನ ಕಾಲಮ್ಮು ನೋಡಿ, "ಅಂಕಲ್, ಈ ಮರಿ ಹದಿನಾಲ್ಕು ವರ್ಷ ಬದುಕಬಹುದು" ಎಂದು ಮೆಲ್ಲಗೆ ಅಂದಳು. ಅರವತ್ತಾರು, ಹದಿನಾಲ್ಕು. ಲೆಕ್ಕ ನನಗೇ ಹೇಳಿಕೊಡಬೇಕೇ?

ಮೂಲೆಯಲ್ಲಿ ಏಳು ವರ್ಷದ ಕಂದು ಹೆಣ್ಣುನಾಯಿ ಮಲಗಿತ್ತು. ಕಿವಿಯ ತುದಿಯಲ್ಲಿ ಕಚ್ಚು, ಅಂದರೆ ಸಂತಾನಶಕ್ತಿಹರಣ ಆಗಿದೆ ಎಂಬ ಗುರುತು. ವಯಸ್ಸಾದವನ್ನು ಯಾರೂ ಕೇಳುವುದಿಲ್ಲವಂತೆ. ಅದನ್ನು ಕೊಡಬಹುದು, ಆದರೆ ನಿಮ್ಮ ನಂತರ ನೋಡಿಕೊಳ್ಳುವವರೊಬ್ಬರ ಸಹಿ ಬೇಕು, ಅವರು ಈ ಊರಿನಲ್ಲೇ ಇರಬೇಕು ಎಂದಳು.

ತಮ್ಮನಿಗೆ ಫೋನು ಮಾಡಿದೆ. "ನಾಯೀಗೂ ಜಾಮೀನೇನೋ ಅಣ್ಣಾ? ನಂದs ಹಾಕು ಸಹಿ" ಎಂದು ನಕ್ಕ. ಧಾರವಾಡದ ಸಹಿ ಇಲ್ಲಿ ನಡೆಯುವುದಿಲ್ಲವಲ್ಲ. ರಾತ್ರಿ ಇಬ್ಬರೂ ಹಳೆಯ ಡೈರಿ ತೆಗೆದು ಕೂತೆವು. ಬ್ಯಾಂಕಿನ ಗೆಳೆಯರಲ್ಲಿ ಕೆಲವರು ಹುಬ್ಬಳ್ಳಿ, ಬೆಂಗಳೂರು ಸೇರಿದ್ದರು. ಕೆಲವರು ಇಲ್ಲವೇ ಇಲ್ಲ. ಕನ್ನಡ ಸಂಘದವರೆಲ್ಲ ನಮಗಿಂತ ಹಿರಿಯರು. ಮೂವತ್ತೊಂದು ವರ್ಷ ಇದ್ದ ಊರಿನಲ್ಲಿ ಒಂದು ಹೆಸರು ಹೊಳೆಯಲಿಲ್ಲ. ಡೈರಿ ಮುಚ್ಚಿ ನಮ್ಮಾಕೆ, "ನಾಯೀದು ಹೋಗ್ಲಿ. ನಾಳೆ ನಮಗs ಏನರೆ ಆದ್ರ ಯಾರನ್ನ ಕರೀತೀರಿ?" ಎಂದಳು. ನಾನು ದೀಪ ಆರಿಸಿದೆ.

ಉಳಿದವರು ಮೇಲಿನ ಮನೆಯ ಮರಾಠಿ ಗೃಹಸ್ಥರು. ಅವರ ಬಾತ್‌ರೂಮಿನ ನೀರು ನಮ್ಮ ಛಾವಣಿಗೆ ಇಳಿದಂದಿನಿಂದ ಮೂರು ವರ್ಷ ಮಾತಿಲ್ಲ. ನಾಯಿಗೇ ತಕರಾರು ತೆಗೆದಾರೆಂದು, ಸೊಸೈಟಿಗಳು ಸಾಕುಪ್ರಾಣಿಯನ್ನು ನಿಷೇಧಿಸುವಂತಿಲ್ಲ ಎಂಬ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯ ಝೆರಾಕ್ಸ್ ಹಿಡಿದುಕೊಂಡೇ ಮೆಟ್ಟಿಲು ಹತ್ತಿದೆ. ಅವರು ಎಲ್ಲ ಕೇಳಿಕೊಂಡು, ಚಹಾ ತರಿಸಿ, "ಸಹಿ ಎಲ್ಲಿ?" ಎಂದು ಪೆನ್ನು ತೆಗೆದರು. ಹಳೆಯ ಚಾಳಿ, "ಓದಿ ನೋಡಿ" ಎಂದೆ. ಓದದೇ ಹಾಕಿದರು.

ಗೌರಿ ಮೊದಲ ನಾಲ್ಕು ದಿನ ಮಂಚದ ಕೆಳಗಿಂದ ಹೊರಬರಲಿಲ್ಲ. ಅದಕ್ಕೆ ತಿಳಿಯುವುದು ಮರಾಠಿ, ನಮ್ಮಾಕೆ ಮಾತಾಡುವುದು ಧಾರವಾಡದ ಕನ್ನಡ. ಈಗ "ಬಾರs ಇಲ್ಲೆ" ಅಂದರೆ ಬರುತ್ತದೆ. ಜಾಮೀನುದಾರರು ದಿನಾ ಸಂಜೆ ಕೆಳಗಿಳಿದು ಬಿಸ್ಕತ್ತು ಹಾಕಿ ಹೋಗುತ್ತಾರೆ. ಛಾವಣಿಯ ಸೋರಿಕೆ ಮಾತ್ರ ಇನ್ನೂ ನಿಂತಿಲ್ಲ.